ಸಂಸ್ಥೆಯ ಮುಖ್ಯಸ್ಥರಿಗೆ ತಿಂಗಳಿಗೆ 6 ಲಕ್ಷ ಸಂಬಳವಂತೆ, ಅಮ್ಮ ಕೊಡುವ 1000 ರೂಪಾಯಿ ನಿಲ್ಲಿಸಬೇಕಾ?

ಡೊಂಬಿವಲಿಯವಳು

ಎಲ್ಲರಿಗೂ ನಮಸ್ಕಾರ. ಒಂದು ವಾರದಿಂದ ನಮ್ಮ ಮನೆಯಲ್ಲಿ ಇದೇ ಮಾತು. ನನಗಂತೂ ಏನು ಹೇಳಬೇಕೋ ತಿಳಿಯುತ್ತಿಲ್ಲ, ಅದಕ್ಕೆ ಇಲ್ಲಿ ಕೇಳುತ್ತಿದ್ದೇನೆ.

ನನ್ನ ಅಮ್ಮನಿಗೆ 71 ವರ್ಷ. ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಟೀಚರ್ ಆಗಿದ್ದವರು, ಈಗ ಪೆನ್ಷನ್ ಬರುತ್ತದೆ. ನಾಲ್ಕು ವರ್ಷದ ಹಿಂದೆ ಠಾಣೆಯಲ್ಲಿ ಒಂದು ಮಾಲ್ ಎದುರು ಒಬ್ಬ ಹುಡುಗ ಕೊರಳಿಗೆ ಐಡಿ ಕಾರ್ಡು ಹಾಕಿಕೊಂಡು, ಕೈಯಲ್ಲಿ ಟ್ಯಾಬ್ ಹಿಡಿದು ನಿಂತಿದ್ದ. ಬಡವರ ಆರೋಗ್ಯಕ್ಕಾಗಿ ಕೆಲಸ ಮಾಡುವ ದೊಡ್ಡ ಸಂಸ್ಥೆಯೊಂದರ ಪರವಾಗಿ ಬಂದವನು. ಹೆಸರು ಇಲ್ಲಿ ಬೇಡ. ಬಿಸಿಲಲ್ಲಿ ನಿಂತಿದ್ದಾನೆ ಪಾಪ ಅಂತ ಅಮ್ಮ ನಿಂತು ಕೇಳಿದರು, ಕೇಳಿ ಅಲ್ಲೇ ಫಾರ್ಮಿಗೆ ಸಹಿ ಹಾಕಿದರು. ಅವತ್ತಿನಿಂದ ಪ್ರತಿ ತಿಂಗಳು 5ನೇ ತಾರೀಕು ಖಾತೆಯಿಂದ 1000 ರೂಪಾಯಿ ಕಟ್ ಆಗುತ್ತದೆ. ಬ್ಯಾಂಕಿನ ಮೆಸೇಜ್ ಬಂದ ಕೂಡಲೇ ಅಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಮೇಲೆ ಪೆನ್ಸಿಲಿನಿಂದ ಒಂದು ಗೀಟು ಎಳೆಯುತ್ತಾರೆ. ವರ್ಷಕ್ಕೊಮ್ಮೆ ಬರುವ ರಸೀದಿ, ಹಬ್ಬಕ್ಕೆ ಬರುವ ಕಾರ್ಡು, ಎಲ್ಲ ಒಂದು ಹಳೇ ಬಿಸ್ಕತ್ತಿನ ಡಬ್ಬಿಯಲ್ಲಿವೆ. ಅದೇ ಡಬ್ಬಿಯಲ್ಲಿ ಅಪ್ಪನ ವಾಚೂ ಇದೆ. ಅಂದರೆ ಅಮ್ಮನಿಗೆ ಅದು ಎಂಥ ವಿಷಯ ಅಂತ ನಿಮಗೆ ಅರ್ಥವಾಗಬಹುದು.

ಹೋದ ಭಾನುವಾರ ಭಾವ ಬಂದಿದ್ದರು. ಮಾತಿಗೆ ಮಾತು ಬಂದು, ಮೊಬೈಲಿನಲ್ಲಿ ಆ ಸಂಸ್ಥೆಯ ವಾರ್ಷಿಕ ವರದಿ ತೆಗೆದರು. ಕೊನೆಯ ಪುಟಗಳಲ್ಲಿ ಸಣ್ಣ ಅಕ್ಷರದಲ್ಲಿ ಇತ್ತು: ಮುಖ್ಯಸ್ಥರ ಸಂಬಳ ವರ್ಷಕ್ಕೆ 72 ಲಕ್ಷ. ಇನ್ನಿಬ್ಬರಿಗೆ 40 ಲಕ್ಷಕ್ಕಿಂತ ಜಾಸ್ತಿ. ಅಮ್ಮ ಗಣಿತದ ಟೀಚರ್. ಪೇಪರ್ ಅಂಚಿನಲ್ಲೇ ಲೆಕ್ಕ ಹಾಕಿದರು. ತಿಂಗಳಿಗೆ 6 ಲಕ್ಷ. ಅಮ್ಮ 50 ವರ್ಷ ತಪ್ಪದೆ ಕೊಟ್ಟರೆ ಅವರ ಒಂದು ತಿಂಗಳ ಸಂಬಳ. "ಅಂದ್ರೆ ನಾನು ಇಷ್ಟು ದಿನ ಕೊಟ್ಟಿದ್ದು ಯಾರಿಗೆ?" ಅಂತ ಕೇಳಿದರು. ಜೋರಾಗಿ ಏನೂ ಕೇಳಲಿಲ್ಲ. ಕೇಳಿ ಎದ್ದು ಅಡುಗೆಮನೆಗೆ ಹೋದರು.

ನಾನು ಅಂಧೇರಿಯಲ್ಲಿ ಕೆಲಸ ಮಾಡುವ ಕಂಪನಿಯಲ್ಲಿ ಮೇಲಿನವರು ಇದಕ್ಕಿಂತ ಎಷ್ಟೋ ಜಾಸ್ತಿ ತೆಗೆದುಕೊಳ್ಳುತ್ತಾರೆ. ನನಗೆ ಯಾವತ್ತೂ ಏನೂ ಅನಿಸಿಲ್ಲ. ಇಲ್ಲಿ ಮಾತ್ರ ಯಾಕೆ ಚುಚ್ಚುತ್ತದೆ? ಅದು ಸರಿಯಾದ ಚುಚ್ಚುವಿಕೆಯಾ, ಇಲ್ಲ ನಾವು ತಪ್ಪು ತಿಳಿದಿದ್ದೇವಾ? 5ನೇ ತಾರೀಕು ಹತ್ತಿರ ಬರುತ್ತಿದೆ. ನಿಲ್ಲಿಸಬೇಕಾ?

ಘಾಟ್ಕೋಪರ್ ಮಾಮ

ನಿಲ್ಲಿಸಿ ತಂಗೀ. ನನ್ನ ಮಟ್ಟಿಗೆ ಇದರಲ್ಲಿ ಯೋಚನೆ ಮಾಡುವಂಥದ್ದು ಏನೂ ಇಲ್ಲ.

ನನ್ನ ಅಪ್ಪ ಹನ್ನೆರಡನೇ ವಯಸ್ಸಿಗೆ ಕುಂದಾಪುರದ ಕಡೆಯಿಂದ ಮುಂಬೈಗೆ ಬಂದು ಫೋರ್ಟಿನ ಒಂದು ಹೋಟೆಲಿನಲ್ಲಿ ಟೇಬಲ್ ಒರೆಸಿದವರು. ಓದಿದ್ದು ಕನ್ನಡ ರಾತ್ರಿ ಶಾಲೆಯಲ್ಲಿ. ನಮ್ಮವರು ಎಷ್ಟೋ ಜನ ಹಾಗೆ ಓದಿಯೇ ಬ್ಯಾಂಕು, ಕೋರ್ಟು, ಕಾಲೇಜು ಸೇರಿದರು ಅಂತ ಇಲ್ಲಿರುವ ಹಿರಿಯರಿಗೆಲ್ಲ ಗೊತ್ತು. ಹಗಲೆಲ್ಲ ಕೆಲಸ ಮಾಡಿ ಸಂಜೆ ಕೈ ತೊಳೆದುಕೊಂಡು ಹೋದರೂ ಪುಸ್ತಕಕ್ಕೆಲ್ಲ ಈರುಳ್ಳಿ ವಾಸನೆ ಬರುತ್ತಿತ್ತು ಅಂತ ಅಪ್ಪ ಹೇಳುತ್ತಿದ್ದರು. ಅವರಿಗೆ ಲೆಕ್ಕ ಕಲಿಸಿದ ಮೇಷ್ಟ್ರು ಹಗಲು ರೈಲ್ವೆ ಆಫೀಸಿನಲ್ಲಿ ಗುಮಾಸ್ತರು. ಸಂಜೆ ಬರುವಾಗ ಸೀಮೆಸುಣ್ಣವನ್ನೂ ತಾವೇ ತರುತ್ತಿದ್ದರಂತೆ. ಅದಕ್ಕೆ ಸೇವೆ ಅನ್ನುತ್ತಾರೆ.

ನಾವು ಏಳೆಂಟು ಜನ ಸೇರಿ ಒಂದು ಸಣ್ಣ ವಿದ್ಯಾರ್ಥಿ ನಿಧಿ ನಡೆಸುತ್ತೇವೆ. ಹೋದ ವರ್ಷ 92 ಮಕ್ಕಳಿಗೆ ತಲಾ 5000 ರೂಪಾಯಿ, ಒಟ್ಟು 4,60,000. ನಮ್ಮ ಖರ್ಚು ಫಾರ್ಮ್ ಅಚ್ಚು ಹಾಕಿಸಿದ್ದು, ಆಡಿಟ್ ಫೀ, ಸಭೆಯ ದಿನದ ಚಹಾ ಅಷ್ಟೇ. ಯಾರಿಗೂ ಒಂದು ಪೈಸೆ ಸಂಬಳ ಇಲ್ಲ. ಚಾರಿಟಿ ಕಮಿಷನರ್ ಆಫೀಸಿಗೆ ವರ್ಷ ವರ್ಷ ಲೆಕ್ಕ ಕೊಡುತ್ತೇವೆ. ಬಡವರ ಹೆಸರಿನಲ್ಲಿ ಕೇಳಿ ತಂದ ದುಡ್ಡಿನಿಂದ ತಿಂಗಳಿಗೆ 6 ಲಕ್ಷ ಮನೆಗೆ ಒಯ್ಯುವವರಿಗೆ ಬಡವರ ಕಷ್ಟ ಹೇಗೆ ಗೊತ್ತಾಗುತ್ತದೆ? ನಿಮ್ಮ ಅಮ್ಮನ ದುಡ್ಡು ಬೆವರಿನ ದುಡ್ಡು. ಎದುರಿಗೆ ಕಾಣುವ ಮಗುವಿಗೆ ಕೊಡಲಿ.

ಚೆಂಬೂರಿನ ಲೆಕ್ಕದವಳು

ಮಾಮ, ನಿಮ್ಮ ನಿಧಿಯ ಬಗ್ಗೆ ಗೌರವ ಇದೆ. ಆದರೆ ನಾನು ಒಪ್ಪುವುದಿಲ್ಲ. ನಾನು ಮುಂಬೈಯ ಎರಡು ಸಂಸ್ಥೆಗಳಲ್ಲಿ 11 ವರ್ಷ ಅಕೌಂಟ್ಸ್ ನೋಡಿದ್ದೇನೆ, ಈಗ ಒಬ್ಬ ಆಡಿಟರ್ ಹತ್ತಿರ ಇದ್ದೇನೆ, ಟ್ರಸ್ಟುಗಳ ಫೈಲೇ ಜಾಸ್ತಿ. ಸ್ವಲ್ಪ ಉದ್ದ ಆಗುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ಡೊಂಬಿವಲಿಯವರೇ, ಮೊದಲು ಅಮ್ಮನ ಲೆಕ್ಕವನ್ನು ಇನ್ನೊಂದು ಕಡೆಯಿಂದ ಹಾಕಿ. ಅದೇ ವರದಿಯಲ್ಲಿ ಆ ಸಂಸ್ಥೆಯ ಒಟ್ಟು ಖರ್ಚು ಎಷ್ಟು ಅಂತ ಇರುತ್ತದೆ. ಉದಾಹರಣೆಗೆ 180 ಕೋಟಿ ಅಂದುಕೊಳ್ಳಿ. 72 ಲಕ್ಷ ಅಂದರೆ ಅದರ 0.4 ಪರ್ಸೆಂಟ್. ಅಮ್ಮನ ಸಾವಿರದಲ್ಲಿ 4 ರೂಪಾಯಿ. ಇನ್ನೊಂದು ಸಂಸ್ಥೆಯ ಒಟ್ಟು ಖರ್ಚು 2 ಕೋಟಿ, ಮುಖ್ಯಸ್ಥರು ತೆಗೆದುಕೊಳ್ಳುವುದು 24 ಲಕ್ಷ ಅಂತಿಟ್ಟುಕೊಳ್ಳಿ. ಕೇಳಲು ಕಡಿಮೆ ಅನಿಸುತ್ತದೆ, ಆದರೆ ಅಲ್ಲಿ ಸಾವಿರಕ್ಕೆ 120 ರೂಪಾಯಿ ಒಬ್ಬರಿಗೇ ಹೋಗುತ್ತದೆ. ಹಾಗಂತ ಪರ್ಸೆಂಟ್ ಒಂದನ್ನೇ ನಂಬಿ ಅಂತಲೂ ನಾನು ಹೇಳುವುದಿಲ್ಲ. ಸಂಸ್ಥೆ ದೊಡ್ಡದಾದಷ್ಟೂ ಎಂಥ ಸಂಬಳವೂ ಪರ್ಸೆಂಟಿನಲ್ಲಿ ಸಣ್ಣದಾಗಿಯೇ ಕಾಣುತ್ತದೆ.

ಇನ್ನು ಆಡಳಿತ ಖರ್ಚು ಅನ್ನುವ ಮಾತು. ಜನ ನೋಡುವುದು ಅದನ್ನೇ. ವಿದೇಶಿ ದೇಣಿಗೆ ಪಡೆಯುವವರಿಗೆ 2010ರ ಕಾಯ್ದೆಯಲ್ಲಿ ಆಡಳಿತಕ್ಕೆ 50 ಪರ್ಸೆಂಟ್ ತನಕ ಬಿಟ್ಟಿದ್ದರು, 2020ರಲ್ಲಿ ತಿದ್ದುಪಡಿ ಮಾಡಿ 20ಕ್ಕೆ ಇಳಿಸಿದರು. ಆಸ್ಪತ್ರೆ ನಡೆಸುವ ಸಂಸ್ಥೆಯ ಡಾಕ್ಟರ್ ಸಂಬಳ, ಶಾಲೆ ನಡೆಸುವ ಸಂಸ್ಥೆಯ ಟೀಚರ್ ಸಂಬಳ ಅದರಲ್ಲಿ ಬರುವುದಿಲ್ಲ, ಅದು ಸರಿಯೇ. ಆದರೆ ನಡುವಿನವರು ಎಷ್ಟೋ ಜನ ಇರುತ್ತಾರೆ. ವಾರಕ್ಕೆ ಮೂರು ದಿನ ಬಸ್ತಿಗೆ, ಅಂದರೆ ಕೊಳೆಗೇರಿಗೆ, ಹೋಗಿ ಎರಡು ದಿನ ಆಫೀಸಿನಲ್ಲಿ ವರದಿ ಬರೆಯುವ ಸೂಪರ್‌ವೈಸರ್ ಆಡಳಿತವಾ, ಕಾರ್ಯಕ್ರಮವಾ? ಒಬ್ಬರು ಹೀಗೆ ಬರೆಯುತ್ತಾರೆ, ಇನ್ನೊಬ್ಬರು ಹಾಗೆ. ಎರಡೂ ಸುಳ್ಳಲ್ಲ. ಅದಕ್ಕೆ "ನಮ್ಮದು ಬರೀ 6 ಪರ್ಸೆಂಟ್" ಅಂತ ದೊಡ್ಡ ಅಕ್ಷರದಲ್ಲಿ ಹಾಕಿದ ಪಾಂಪ್ಲೆಟ್ ನೋಡಿದರೆ ನಾನು ಫೈಲ್ ತೆಗೆದು ಮತ್ತೊಮ್ಮೆ ನೋಡುತ್ತೇನೆ.

ಈಗ ನನ್ನ ಮನಸ್ಸಿನಲ್ಲಿ ಉಳಿದ ಒಂದು ಸಂಗತಿ. ನಾನು ಮೊದಲು ಇದ್ದ ಸಂಸ್ಥೆ ಗೋವಂಡಿಯಲ್ಲಿ ಐದು ವರ್ಷದೊಳಗಿನ ಮಕ್ಕಳ ತೂಕ ನೋಡುವ ಕೆಲಸ ಮಾಡುತ್ತಿತ್ತು. ಅಲ್ಲೇ ಬಸ್ತಿಯಲ್ಲಿದ್ದ ಒಬ್ಬ ಹುಡುಗಿ ಮನೆ ಮನೆಗೆ ಹೋಗಿ ತೂಗುತ್ತಿದ್ದಳು. ಹೆಗಲಿಗೆ ತಕ್ಕಡಿ, ಬಟ್ಟೆಯ ಚೀಲದಲ್ಲಿ ನೀಲಿ ರಟ್ಟಿನ ರಿಜಿಸ್ಟರು. ಯಾವ ಮಗುವಿನ ತಾಯಿ ಯಾವ ಹೊತ್ತಿಗೆ ಕೆಲಸದಿಂದ ಬರುತ್ತಾಳೆ ಅಂತ ಅವಳಿಗೆ ಬಾಯಿಪಾಠ. ಅವಳಿಗೆ ಕೊಡುತ್ತಿದ್ದದ್ದು 9500 ರೂಪಾಯಿ. ಅದನ್ನು ಸಂಬಳ ಅಂತ ಕೂಡ ಬರೆಯುತ್ತಿರಲಿಲ್ಲ, ಗೌರವಧನ ಅಂತ ಬರೆಯುತ್ತಿದ್ದೆವು. ಪಿಎಫ್ ಇಲ್ಲ. ಜಾಸ್ತಿ ಮಾಡಿ ಅಂತ ನಾವು ಕೇಳಿದಾಗ ಟ್ರಸ್ಟಿಗಳು "ಸಂಬಳದ ಖರ್ಚು ಏರಿದರೆ ದಾನಿಗಳು ಪ್ರಶ್ನೆ ಮಾಡುತ್ತಾರೆ" ಅಂದರು. ಅವಳು ಒಂದು ದಿನ ಬಟ್ಟೆ ಅಂಗಡಿಯಲ್ಲಿ 13 ಸಾವಿರಕ್ಕೆ ಸೇರಿಕೊಂಡಳು. ಅವಳನ್ನು ತಪ್ಪು ಅನ್ನುವುದು ಹೇಗೆ? ಹೊಸಬಳು ಸಿಗುವವರೆಗೆ ಮೂರು ತಿಂಗಳು ಆ ಗಲ್ಲಿಯಲ್ಲಿ ತೂಕ ನಿಂತಿತು. ಆ ರಿಜಿಸ್ಟರನ್ನು ನಾನೇ ನೋಡಿದ್ದೇನೆ. ಅಷ್ಟು ಮಕ್ಕಳ ಹೆಸರಿನ ಎದುರು ಮೂರು ಖಾಲಿ ಚೌಕ. ನಾಲ್ಕನೇ ತಿಂಗಳು ಒಂದು ಮಗುವಿನ ತೂಕ ಒಂದೂವರೆ ಕಿಲೊ ಕಡಿಮೆ ಬಂದಿತ್ತು.

ಅದಕ್ಕೇ ನಾನು ಯಾವ ಸಂಸ್ಥೆ ನೋಡಿದರೂ ಮೊದಲು ಕೆಳಗಿನವರ ಸಂಬಳ ನೋಡುತ್ತೇನೆ. ಮೇಲೆ 6 ಲಕ್ಷ ಇದ್ದು ಕೆಳಗೆ 25 ಸಾವಿರ, ಪಿಎಫ್, ರಜೆ ಎಲ್ಲ ಇದ್ದರೆ ನನಗೆ ಅಷ್ಟು ತೊಂದರೆ ಇಲ್ಲ. ಮೇಲೆ 6 ಲಕ್ಷ ಇದ್ದು ಕೆಳಗೆ 9500 ಗೌರವಧನ ಅಂದರೆ ಕೊಡುವುದಕ್ಕೆ ಮುಂಚೆ ನೂರು ಸಲ ಯೋಚಿಸುತ್ತೇನೆ. ಮೇಲೆ ಸೊನ್ನೆ, ಕೆಳಗೂ ಬರೀ ಗೌರವಧನ ಅಂದರೂ ಅಷ್ಟೇ. ಕ್ರೆಡಿಬಿಲಿಟಿ ಅಲಯನ್ಸ್ ಅಂತ ಇದೆ, ಸ್ವಯಂಸೇವಾ ಸಂಸ್ಥೆಗಳೇ ಸೇರಿ ಮಾಡಿಕೊಂಡದ್ದು. ಅವರ ನಿಯಮದಲ್ಲಿ ಮುಖ್ಯಸ್ಥರದ್ದು, ಅತಿ ಹೆಚ್ಚು ಸಂಬಳದ ಮೂವರದ್ದು, ಅತಿ ಕಡಿಮೆ ಸಂಬಳದವರದ್ದು, ಎಲ್ಲವನ್ನೂ ಹೇಳಬೇಕು ಅಂತ ಇದೆ. ಕೆಳಗಿನ ಅಂಕಿ ಇಲ್ಲದೆ ಮೇಲಿನ ಅಂಕಿಯಿಂದ ಏನೂ ಗೊತ್ತಾಗುವುದಿಲ್ಲ ಅಂತ ಅವರಿಗೂ ಅನಿಸಿರಬೇಕು.

ಇನ್ನೊಂದು, ಸಂಬಳ ಎಷ್ಟು ಅನ್ನುವಷ್ಟೇ ಮುಖ್ಯ ಯಾರಿಗೆ ಅನ್ನುವುದು. ಟ್ರಸ್ಟಿಯ ಮಗ, ಸೊಸೆ, ತಮ್ಮ ಅಂತ ಒಳಗಿನವರೇ ಸಂಬಳ ತೆಗೆದುಕೊಳ್ಳುತ್ತಿದ್ದರೆ ಅದು ಕೆಲಸಕ್ಕೆ ತಕ್ಕಷ್ಟೇ ಇರಬೇಕು, ಮೀರಿದರೆ ತೆರಿಗೆ ವಿನಾಯಿತಿಗೇ ಕುತ್ತು. 1961ರ ಆದಾಯ ತೆರಿಗೆ ಕಾಯ್ದೆಯ 13ನೇ ಸೆಕ್ಷನ್ ಹೇಳಿದ್ದು ಅದನ್ನೇ. ನಮ್ಮ ಮಹಾರಾಷ್ಟ್ರದ ಟ್ರಸ್ಟುಗಳು ಕೊಡುವ 9ನೇ ಶೆಡ್ಯೂಲಿನಲ್ಲಿ, ಅಂದರೆ ಆದಾಯ-ಖರ್ಚಿನ ಪಟ್ಟಿಯಲ್ಲಿ, ಟ್ರಸ್ಟಿಗಳ ಸಂಭಾವನೆಗೆ ಬೇರೆ ಸಾಲೇ ಇದೆ. ಮಾಮ, ನಿಮ್ಮ ಲೆಕ್ಕದಲ್ಲೂ ಆ ಸಾಲು ಇರುತ್ತದೆ, ಸೊನ್ನೆ ಬರೆದಿರುತ್ತೀರಿ ಅಷ್ಟೇ.

ವಾಶಿಯ ಹುಬ್ಬಳ್ಳಿಯವ

ನಾನು ದಾನ ಕೊಡುವವನಾಗಿ ಬರೆಯುತ್ತಿಲ್ಲ, ತೆಗೆದುಕೊಂಡವನಾಗಿ ಬರೆಯುತ್ತಿದ್ದೇನೆ.

ಆರು ವರ್ಷದ ಹಿಂದೆ ನನ್ನ ತಂಗಿಯ ಮಗನಿಗೆ ರಕ್ತದ ಕ್ಯಾನ್ಸರ್ ಅಂತ ಗೊತ್ತಾಯಿತು. ಹುಬ್ಬಳ್ಳಿಯಿಂದ ಪರೇಲಿನ ಟಾಟಾ ಆಸ್ಪತ್ರೆಗೆ ಕಳಿಸಿದರು. ಆಗ ನಾನಿನ್ನೂ ಊರಲ್ಲೇ ಇದ್ದೆ, ಮುಂಬೈ ನೋಡಿಯೇ ಇರಲಿಲ್ಲ. ಮರಾಠಿ ಬರುತ್ತಿರಲಿಲ್ಲ, ಹಿಂದಿ ಅರ್ಧಂಬರ್ಧ. ದಾದರಿನ ಗಾಡ್ಗೆ ಮಹಾರಾಜ್ ಧರ್ಮಶಾಲೆಯಲ್ಲಿ ಹೆಸರು ಬರೆಸಿದ್ದೆವು, ಸರದಿ ಬರುವ ತನಕ ನಾಲ್ಕು ರಾತ್ರಿ ಆಸ್ಪತ್ರೆ ಹತ್ತಿರದ ಫುಟ್‌ಪಾತಿನಲ್ಲಿ ಮಲಗಿದೆವು. ಆ ಫುಟ್‌ಪಾತ್ ಗೊತ್ತಿದ್ದವರಿಗೆ ನಾನು ಹೇಳಬೇಕಾಗಿಲ್ಲ. ನೀಲಿ ಪ್ಲಾಸ್ಟಿಕ್ ಹಾಳೆ, ಸ್ಟೌ, ಕೈಯಲ್ಲಿ ರಿಪೋರ್ಟಿನ ಚೀಲ. ತಂಗಿ ಆ ಚೀಲವನ್ನು ತಲೆದಿಂಬು ಮಾಡಿಕೊಂಡು ಮಲಗುತ್ತಿದ್ದಳು, ಯಾರಾದರೂ ಕದ್ದಾರು ಅಂತ.

ಐದನೇ ದಿನ ಒಂದು ಸಂಸ್ಥೆಯವರು ಬಂದರು. ಅವರಲ್ಲಿ ಒಬ್ಬರು ಅಕ್ಕ, ಸೋಲಾಪುರದವರು, ಕನ್ನಡ ಚೆನ್ನಾಗಿ ಬರುತ್ತಿತ್ತು. ಅವರು ನಮಗೆ ದುಡ್ಡು ಕೊಡಲಿಲ್ಲ. ಫೈಲ್ ಬಿಚ್ಚಿ ಕಾಗದಗಳನ್ನು ತಾರೀಕಿನ ಪ್ರಕಾರ ಜೋಡಿಸಿದರು. ಯಾವ ಕಾಗದ ಯಾವ ಕೌಂಟರಿಗೆ, ಯಾವುದಕ್ಕೆ ಝೆರಾಕ್ಸ್ ಬೇಕು, ಸಹಾಯಧನದ ಅರ್ಜಿಗೆ ರೇಷನ್ ಕಾರ್ಡಿನ ಯಾವ ಪುಟ ಬೇಕು, ಎಲ್ಲ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದುಕೊಟ್ಟರು. ಮುಂದಿನ ಎಂಟು ತಿಂಗಳು ಬೆಳಿಗ್ಗೆ ಏಳಕ್ಕೆ ಗೇಟಿನ ಹತ್ತಿರ ಇರುತ್ತಿದ್ದರು. ಕೀಮೊ ಮುಗಿದ ದಿನ ಮಗುವಿಗೆ ಜ್ವರ ಬಂದರೆ ರಾತ್ರಿ ಎಷ್ಟು ಹೊತ್ತಾದರೂ ಫೋನ್ ಎತ್ತುತ್ತಿದ್ದರು. ಊರಿಗೆ ವಾಪಸ್ ಹೋಗಿಬಿಡೋಣ ಅಂತ ತಂಗಿ ಎರಡು ಸಲ ಹೊರಟಿದ್ದಳು, ಎರಡು ಸಲವೂ ಅವರೇ ಕೂರಿಸಿ ಮಾತಾಡಿ ನಿಲ್ಲಿಸಿದರು. ಹುಡುಗ ಈಗ ಆರನೇ ಕ್ಲಾಸಿನಲ್ಲಿದ್ದಾನೆ.

ಒಂದು ದಿನ ನಾನು "ಅಕ್ಕಾ, ನೀವು ದೇವರ ಕೆಲಸ ಮಾಡ್ತೀರಿ" ಅಂದೆ. ಅವರು ಹೇಳಿದರು, "ಹಾಗೆ ಹೇಳಬೇಡಪ್ಪ. ನನಗೆ ಇದಕ್ಕೆ ಸಂಬಳ ಇದೆ, ಅದಕ್ಕೇ ದಿನಾ ಬರೋಕೆ ಆಗುತ್ತೆ. ನನಗೂ ಮನೆ ಬಾಡಿಗೆ ಇದೆ." ಅವರು ಎಂಎಸ್‌ಡಬ್ಲ್ಯು, ಅಂದರೆ ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ, ಮಾಡಿದವರು, 15 ವರ್ಷದ ಅನುಭವ. ಅವರ ಸಂಬಳ ಎಷ್ಟು ಅಂತ ನನಗೆ ಗೊತ್ತಿಲ್ಲ. ಎಷ್ಟಿದ್ದರೂ ಕಡಿಮೆಯೇ. ಪುಸ್ತಕದಲ್ಲಿ ಅವರ ಸಂಬಳವನ್ನು ಯಾವ ಸಾಲಿನಲ್ಲಿ ಬರೆಯುತ್ತಾರೋ, ಅದು ಖರ್ಚು ಅಂತ ಯಾರಾದರೂ ಕಡಿಮೆ ಮಾಡಿಸಿದ್ದರೆ ನಮ್ಮ ಹುಡುಗ ಏನಾಗುತ್ತಿದ್ದ? ಘಾಟ್ಕೋಪರ್ ಮಾಮ, ನಿಮ್ಮ ಮಾತಿಗೆ ಎದುರು ಹೇಳುತ್ತಿದ್ದೇನೆ ಅಂತ ತಿಳಿಯಬೇಡಿ. ಸಂಜೆ ಎರಡು ಗಂಟೆ ಬಿಡುವು ಮಾಡಿಕೊಂಡು ಬರುವವರಿಂದ ಆಗುವ ಕೆಲಸ ಇದೆ. ಆಗದ ಕೆಲಸವೂ ಇದೆ.

ಕೋಥ್ರೂಡ್ ಕನ್ನಡಿಗ

ಮೇಲಿನದನ್ನು ಓದಿ ಸ್ವಲ್ಪ ಹೊತ್ತು ಏನೂ ಬರೆಯಲು ಆಗಲಿಲ್ಲ.

ನಾನು ಪುಣೆಯಲ್ಲಿ ಐಟಿಯಲ್ಲಿದ್ದೇನೆ. ಅಮೆರಿಕದಲ್ಲಿ ಈ ಚರ್ಚೆ ಜೋರಾಗಿ ನಡೆದಿದೆ. ಅಲ್ಲಿ ದಾನ ಸಂಸ್ಥೆಗಳನ್ನು ಅಳೆದು ಮಾಹಿತಿ ಕೊಡುವ ಗೈಡ್‌ಸ್ಟಾರ್, ಚಾರಿಟಿ ನ್ಯಾವಿಗೇಟರ್, ಬಿಬಿಬಿ ವೈಸ್ ಗಿವಿಂಗ್ ಅಲಯನ್ಸ್, ಈ ಮೂವರೂ 2013ರಲ್ಲಿ ದಾನಿಗಳಿಗೆ ಒಂದು ಬಹಿರಂಗ ಪತ್ರ ಬರೆದರು. ಆಡಳಿತ ಖರ್ಚಿನ ಪರ್ಸೆಂಟ್ ಒಂದನ್ನೇ ನೋಡಿ ಒಳ್ಳೆಯ ಸಂಸ್ಥೆ, ಕೆಟ್ಟ ಸಂಸ್ಥೆ ಅಂತ ತೀರ್ಮಾನ ಮಾಡಬೇಡಿ ಅಂತ ಅದರ ತಿರುಳು. ಅದಕ್ಕೂ ಮುಂಚೆ 2007ರಲ್ಲಿ ಗಿವ್‌ವೆಲ್ ಅಂತ ಶುರುವಾಗಿತ್ತು. ಅವರು ಖರ್ಚಿನ ಭಾಗ ಬಿಟ್ಟು, ಕೊಟ್ಟ ದುಡ್ಡಿಗೆ ಎಷ್ಟು ಜೀವ ಉಳಿಯಿತು ಅಂತ ನೋಡುತ್ತಾರೆ. ಸೊಳ್ಳೆ ಪರದೆ ಹಂಚುವ ಸಂಸ್ಥೆಯನ್ನು ವರ್ಷಗಟ್ಟಲೆ ಶಿಫಾರಸು ಮಾಡಿದ್ದಾರೆ. ನನಗೆ ಆ ದಾರಿ ಇಷ್ಟ.

ಆದರೆ ಮಾರ್ಕೆಟ್ ಸಂಬಳ ಕೊಡದಿದ್ದರೆ ಒಳ್ಳೆಯವರು ಬರುವುದಿಲ್ಲ ಅಂತ ಕಣ್ಣು ಮುಚ್ಚಿ ಹೇಳುವುದನ್ನೂ ನಾನು ಒಪ್ಪುವುದಿಲ್ಲ. ಅಲ್ಲಿನ ದೊಡ್ಡ ದಾನ ಸಂಸ್ಥೆ ಯುನೈಟೆಡ್ ವೇ ಆಫ್ ಅಮೆರಿಕದ ಮುಖ್ಯಸ್ಥ ವಿಲಿಯಂ ಅರಾಮೊನಿ ಆ ಕಾಲಕ್ಕೆ ಭಾರಿ ಸಂಬಳ ತೆಗೆದುಕೊಳ್ಳುತ್ತಿದ್ದವರು. ದುಂದುವೆಚ್ಚದ ಸುದ್ದಿ ಹೊರಬಂದು 1992ರಲ್ಲಿ ಬಿಟ್ಟು ಹೋದರು, 1995ರಲ್ಲಿ ವಂಚನೆ ಸಾಬೀತಾಗಿ 7 ವರ್ಷ ಜೈಲು ಶಿಕ್ಷೆ ಆಯಿತು. ದೊಡ್ಡ ಸಂಬಳ ಕೊಟ್ಟ ಮಾತ್ರಕ್ಕೆ ಪ್ರಾಮಾಣಿಕತೆ ಬರುವುದಿಲ್ಲ. ಕಡಿಮೆ ಸಂಬಳ ಕೊಟ್ಟರೂ ಬರುವುದಿಲ್ಲ. ಅಲ್ಲಿ ಕಂಬಿ ಹಿಂದೆ ಕಳಿಸಿದ್ದು ಲೆಕ್ಕ ಕೆದಕಿ ನೋಡಿದವರು.

ಡೊಂಬಿವಲಿಯವರು ಒಂದು ಕೇಳಿದ್ದರು, ಕಂಪನಿಯಲ್ಲಿ ಚುಚ್ಚದ್ದು ಇಲ್ಲಿ ಯಾಕೆ ಚುಚ್ಚುತ್ತದೆ ಅಂತ. ನನಗೆ ಅನಿಸುವುದು: ಕಂಪನಿಯಿಂದ ನಾವು ಸೋಪು ತಂದರೆ ಸೋಪು ನಮ್ಮ ಕೈಗೆ ಬರುತ್ತದೆ, ಸರಿ ಇಲ್ಲದಿದ್ದರೆ ಮುಂದಿನ ಸಲ ಬೇರೆ ತರುತ್ತೇವೆ. ಇಲ್ಲಿ ಕೊಡುವವರು ಒಬ್ಬರು, ಪಡೆಯುವವರು ಇನ್ನೊಬ್ಬರು. ಕೆಲಸ ಸರಿಯಾಯಿತೋ ಇಲ್ಲವೋ ಅಂತ ಅಮ್ಮನಿಗೆ ಕಾಣುವುದೇ ಇಲ್ಲ. ಕಾಣುವುದು ಸಂಬಳದ ಅಂಕಿ ಒಂದೇ. ಅದಕ್ಕೇ ನೋವೆಲ್ಲ ಅದರ ಮೇಲೆ ಹೋಗಿ ಕೂರುತ್ತದೆ.

ಘಾಟ್ಕೋಪರ್ ಮಾಮ

ವಾಶಿಯವರೇ, ನೀವು ಬರೆದದ್ದನ್ನು ಮನೆಯಲ್ಲಿ ಹೆಂಡತಿಗೂ ಓದಿ ಹೇಳಿದೆ. ಹುಡುಗ ನೂರು ವರ್ಷ ಬಾಳಲಿ.

ಒಂದು ವಿಷಯ ಒಪ್ಪಿಕೊಳ್ಳುತ್ತೇನೆ. ನಮ್ಮ ನಿಧಿಯಲ್ಲಿ ಓಡಾಡುವವರು ಈಗ ಮೂರೇ ಜನ, ಮೂವರೂ 65 ದಾಟಿದವರು. ಹೋದ ವರ್ಷ ಬಂದ ಅರ್ಜಿಗಳಲ್ಲಿ 40ಕ್ಕೂ ಹೆಚ್ಚು ಮನೆಗಳಿಗೆ ಹೋಗಿ ನೋಡಲು ನಮ್ಮಿಂದ ಆಗಲಿಲ್ಲ. ವಿರಾರ್, ಕಲ್ಯಾಣದ ಆಚೆಗೆಲ್ಲ ಲೋಕಲ್ ರೈಲಿನಲ್ಲಿ ನಿಂತುಕೊಂಡು ಹೋಗಲು ಮೊಣಕಾಲು ಬಿಡುವುದಿಲ್ಲ. ಆ ಅರ್ಜಿಗಳು ಹಾಗೇ ಉಳಿದವು. ಓಡಾಡಲು ಒಬ್ಬ ಹುಡುಗನಿಗೆ ಸಂಬಳ ಕೊಟ್ಟು ಇಟ್ಟುಕೊಳ್ಳೋಣ ಅಂತ ಒಬ್ಬರು ಹೇಳಿದ್ದರು, ಬೇಡ ಅಂದವನು ನಾನೇ. ಅದನ್ನು ಈಗ ಮತ್ತೆ ಸಭೆಯಲ್ಲಿ ಇಡುತ್ತೇನೆ.

ಆದರೆ 6 ಲಕ್ಷದ ಮಾತು ನನಗೆ ಇನ್ನೂ ಗಂಟಲಲ್ಲಿ ಇಳಿಯುತ್ತಿಲ್ಲ. ಏಳನೇ ವೇತನ ಆಯೋಗದಲ್ಲಿ ಕೇಂದ್ರದ ಕ್ಯಾಬಿನೆಟ್ ಕಾರ್ಯದರ್ಶಿಯ ಮೂಲ ವೇತನವೇ ತಿಂಗಳಿಗೆ 2.5 ಲಕ್ಷ. ಇಡೀ ದೇಶದ ಅಧಿಕಾರಿಗಳಿಗೆ ಮೇಲಿನವರು ಅವರು. ದಾನದ ದುಡ್ಡಿನ ಸಂಸ್ಥೆಯಲ್ಲಿ ಅದರ ಎರಡು ಪಟ್ಟಿಗಿಂತ ಜಾಸ್ತಿ ಯಾಕೆ? ಸೋಲಾಪುರದ ಆ ಅಕ್ಕನಿಗೆ 60 ಸಾವಿರ, 80 ಸಾವಿರ ಕೊಡಲಿ, ಸಂತೋಷ. ಒಬ್ಬರ 72 ಲಕ್ಷದಲ್ಲಿ ಅಂಥ ಎಂಟು ಅಕ್ಕಂದಿರನ್ನು ಇಡಬಹುದು. ಇದಕ್ಕೆ ಯಾರಾದರೂ ಉತ್ತರ ಹೇಳಿ.

ಚೆಂಬೂರಿನ ಲೆಕ್ಕದವಳು

ಮಾಮ, ಅದು ಸರಿಯಾದ ಪ್ರಶ್ನೆ. ಅದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಕಾರ್ಯದರ್ಶಿಗೆ ಬಂಗಲೆ, ಕಾರು, ಪೆನ್ಷನ್ ಇರುತ್ತದೆ ಅಂತ ಹೇಳಬಹುದು, ಆದರೂ ನಿಮ್ಮ ಮಾತಿನ ತೂಕ ಕಡಿಮೆ ಆಗುವುದಿಲ್ಲ. ಒಂದು ಕಡೆ ಗೆರೆ ಎಳೆಯಲೇಬೇಕು. ಆ ಗೆರೆಯನ್ನು ಯಾರು ಎಳೆದರು ಅಂತ ನಾನು ಕೇಳುತ್ತೇನೆ. ಮುಖ್ಯಸ್ಥರ ಸಂಬಳವನ್ನು ಮುಖ್ಯಸ್ಥರಿಗೆ ಸಂಬಂಧವಿಲ್ಲದ ಟ್ರಸ್ಟಿಗಳು ಕೂತು, ಬೇರೆ ಸಂಸ್ಥೆಗಳಲ್ಲಿ ಎಷ್ಟಿದೆ ಅಂತ ನೋಡಿ, ಮಿನಿಟ್ಸ್‌ನಲ್ಲಿ ಬರೆದು ತೀರ್ಮಾನಿಸಿದರಾ, ಇಲ್ಲ ಅವರೇ ಬರೆದುಕೊಂಡರಾ?

ಇನ್ನೊಂದು ಮಾತು ಹೇಳಲೇಬೇಕು. ಡೊಂಬಿವಲಿಯವರ ಭಾವನಿಗೆ ಆ 72 ಲಕ್ಷ ಗೊತ್ತಾಗಿದ್ದು ಆ ಸಂಸ್ಥೆ ಅದನ್ನು ಮುಚ್ಚಿಡದೆ ಅಚ್ಚು ಹಾಕಿದ್ದರಿಂದ. ಇಂಗ್ಲೆಂಡಿನಲ್ಲಿ ದೊಡ್ಡ ದಾನ ಸಂಸ್ಥೆಗಳು ವರ್ಷಕ್ಕೆ 60 ಸಾವಿರ ಪೌಂಡಿಗಿಂತ ಹೆಚ್ಚು ಪಡೆಯುವವರು ಎಷ್ಟು ಜನ ಅಂತ ಲೆಕ್ಕದಲ್ಲಿ ತೋರಿಸಲೇಬೇಕು. ಅಮೆರಿಕದಲ್ಲಿ 990 ಅನ್ನುವ ಫಾರ್ಮಿನಲ್ಲಿ ಮೇಲಿನವರ ಸಂಬಳ ಹೆಸರಿನ ಸಮೇತ ಬರುತ್ತದೆ, ಯಾರು ಬೇಕಾದರೂ ನೋಡಬಹುದು. ನಮ್ಮಲ್ಲಿ ಎಷ್ಟೋ ಟ್ರಸ್ಟುಗಳು ಎಲ್ಲರ ಸಂಬಳವನ್ನೂ ಸೇರಿಸಿ ಸಿಬ್ಬಂದಿ ಖರ್ಚು ಅಂತ ಒಂದೇ ಅಂಕಿ ಹಾಕಿ ಮುಗಿಸುತ್ತವೆ. ಹೇಳಿದವರನ್ನು ಬಿಟ್ಟು, ಹೇಳದವರಿಗೆ ಕೊಟ್ಟರೆ ಮುಂದಿನ ವರ್ಷ ಇವರೂ ಆ ಪುಟ ತೆಗೆದುಬಿಡುತ್ತಾರೆ. ಇದನ್ನು ನನ್ನ ಕಣ್ಣಾರೆ ನೋಡಿದ್ದೇನೆ.

ಡೊಂಬಿವಲಿಯವರೇ, ನಿಲ್ಲಿಸುವ ಮುಂಚೆ ಅವರಿಗೆ ಒಂದು ಮೇಲ್ ಹಾಕಿ. ಮೇಲಿನವರ ಸಂಬಳ ಯಾರು ನಿಗದಿ ಮಾಡುತ್ತಾರೆ, ಅತಿ ಕಡಿಮೆ ಪಡೆಯುವ ಫುಲ್ ಟೈಮ್ ಸಿಬ್ಬಂದಿಗೆ ಎಷ್ಟು, ಪಿಎಫ್ ಇದೆಯಾ, ಅಷ್ಟು ಕೇಳಿ. ಮಾಲ್ ಎದುರಿನ ಆ ಹುಡುಗನ ಬಗ್ಗೆಯೂ ಕೇಳಿ. ಅಂಥವರು ಬಹಳ ಕಡೆ ಏಜೆನ್ಸಿಯಿಂದ ಬಂದಿರುತ್ತಾರೆ, ಒಬ್ಬ ದಾನಿಗೆ ಇಷ್ಟು ಅಂತ ಏಜೆನ್ಸಿಗೆ ಹೋಗುತ್ತದೆ. ಅಮ್ಮನ ಮೊದಲ ವರ್ಷದ 12 ಸಾವಿರದಲ್ಲಿ ಅದಕ್ಕೆ ಎಷ್ಟು ಹೋಯಿತು ಅನ್ನುವುದು 4 ರೂಪಾಯಿಯ ಲೆಕ್ಕಕ್ಕಿಂತ ದೊಡ್ಡದು.

ಡೊಂಬಿವಲಿಯವಳು

ಎಲ್ಲರಿಗೂ ಉತ್ತರ ಕೊಡಲು ತಡವಾಯಿತು, ಕ್ಷಮಿಸಿ. 5ನೇ ತಾರೀಕು ಬಂತು, ದುಡ್ಡು ಕಟ್ ಆಯಿತು. ಅಮ್ಮ ಗೀಟು ಎಳೆಯಲಿಲ್ಲ. ನಾನೂ ಏನೂ ಹೇಳಲಿಲ್ಲ.

ಲೆಕ್ಕದಕ್ಕ ಹೇಳಿದ ಹಾಗೆ ಮೇಲ್ ಹಾಕಿದ್ದೆ, ಒಂಬತ್ತು ದಿನಕ್ಕೆ ಉತ್ತರ ಬಂತು. ಒಟ್ಟು ಖರ್ಚು ವರದಿಯಲ್ಲೇ ಇತ್ತು, 140 ಕೋಟಿ. ಅಮ್ಮನ ಸಾವಿರದಲ್ಲಿ ಸುಮಾರು 5 ರೂಪಾಯಿ. ಮುಖ್ಯಸ್ಥರ ಸಂಬಳವನ್ನು ಮೂವರು ಟ್ರಸ್ಟಿಗಳ ಸಮಿತಿ ತೀರ್ಮಾನ ಮಾಡುತ್ತದೆ, ಮುಖ್ಯಸ್ಥರು ಆ ಸಭೆಯಲ್ಲಿ ಇರುವುದಿಲ್ಲ ಅಂತ ಬರೆದಿದ್ದಾರೆ. ಅತಿ ಕಡಿಮೆ ಸಂಬಳ 11 ಸಾವಿರ, ಮನೆ ಮನೆಗೆ ಹೋಗುವ ಕಾರ್ಯಕರ್ತೆಯರಿಗೆ. ಪಿಎಫ್ ಬಗ್ಗೆ ಸ್ಪಷ್ಟವಾಗಿ ಬರೆದಿಲ್ಲ. ಏಜೆನ್ಸಿಗೆ ಎಷ್ಟು ಹೋಯಿತು ಅನ್ನುವುದಕ್ಕೆ ಉತ್ತರವೇ ಇಲ್ಲ.

ಇಲ್ಲಿ ಬಂದ ಎಲ್ಲವನ್ನೂ ಅಮ್ಮನಿಗೆ ಓದಿ ಹೇಳಿದೆ. ಗೋವಂಡಿಯ ಹುಡುಗಿಯ ಭಾಗವನ್ನು ಎರಡು ಸಲ ಓದಿಸಿದರು. ಸೋಲಾಪುರದ ಅಕ್ಕನ ಮಾತಿಗೆ ಕಣ್ಣೊರೆಸಿಕೊಂಡರು. ಆಮೇಲೆ ಮೇಲ್‌ನ ಪ್ರಿಂಟ್ ಕೈಗೆ ತೆಗೆದುಕೊಂಡು ಆ 11 ಸಾವಿರದ ಕೆಳಗೆ ಪೆನ್ಸಿಲಿನಿಂದ ಗೆರೆ ಹಾಕಿದರು. ಮೇಲಿನವರ 6 ಲಕ್ಷವನ್ನು ಮುಟ್ಟಲೇ ಇಲ್ಲ.

ಸದ್ಯಕ್ಕೆ ನಿಲ್ಲಿಸುವುದು ಬೇಡ, 500ಕ್ಕೆ ಇಳಿಸು, ಉಳಿದ 500 ಘಾಟ್ಕೋಪರ್ ಮಾಮನ ನಿಧಿಗೆ ಕೊಡೋಣ, ಆದರೆ ಓಡಾಡುವ ಹುಡುಗನನ್ನು ಇಟ್ಟುಕೊಂಡರೆ ಮಾತ್ರ ಅಂತ ಹೇಳಿದ್ದಾರೆ. ಮಾಮ, ಸಭೆಯಲ್ಲಿ ಏನಾಯಿತು ಅಂತ ತಿಳಿಸಿ.

ನಿನ್ನೆ ರಾತ್ರಿ ಕೂತು ಆ ಸಂಸ್ಥೆಗೆ ಒಂದು ಕಾಗದವನ್ನೂ ಬರೆದಿದ್ದಾರೆ, ಕನ್ನಡದಲ್ಲಿ, ಶಾಲೆಯ ದುಂಡು ಅಕ್ಷರದಲ್ಲಿ. "ನಾನು ನಾಲ್ಕು ವರ್ಷದಿಂದ ಕೊಡುತ್ತಿದ್ದೇನೆ. ನಿಮ್ಮ ಮುಖ್ಯಸ್ಥರು ಸಂಬಳ ತೆಗೆದುಕೊಳ್ಳಲಿ. ಮನೆ ಮನೆಗೆ ಹೋಗುವ ಹೆಣ್ಣುಮಕ್ಕಳಿಗೆ ಈ ಊರಿನಲ್ಲಿ 11 ಸಾವಿರ ಸಾಲುವುದಿಲ್ಲ. ಅದನ್ನು ಯಾವಾಗ ಜಾಸ್ತಿ ಮಾಡುತ್ತೀರಿ ತಿಳಿಸಿ, ನಾನು ಮತ್ತೆ ಸಾವಿರ ಕೊಡುತ್ತೇನೆ." ಇಷ್ಟೇ ಇದೆ. ಇಂಗ್ಲಿಷಿನಲ್ಲಿ ಬರೆದು ಅದರ ಜೊತೆಗೇ ಕಳಿಸು ಅಂದಿದ್ದಾರೆ, ಇವತ್ತು ಸಂಜೆ ಆಫೀಸಿನಿಂದ ಬಂದ ಮೇಲೆ ಬರೆಯುತ್ತೇನೆ. ಉತ್ತರ ಬಂದರೆ ಇಲ್ಲೇ ಹಾಕುತ್ತೇನೆ.